ನಂಗಲಿಯಲ್ಲಿ ಜಾರಿದ ಚಪ್ಪಲಿ

ನಾನು ನಿಂತಿದ್ದದ್ದು ಆಂಧ್ರದ ಗಡಿಯ ನಂಗಲಿಯಲ್ಲಿ, ನಮ್ಮ ಬಸ್ಸಿನ ಹಿಂಬಾಗಿಲ ಕೆಳಮೆಟ್ಟಿಲ ಮೇಲೆ. ಯುಗಾದಿ ಕಳೆದ ಮೊದಲ ಸೋಮವಾರ, ಬೆಳಗಿನ ಟ್ರಿಪ್ಪು. ಬಿಸಿಲು ಇನ್ನೂ ರಸ್ತೆಬದಿಯ ಲಾರಿಗಳ ನೆತ್ತಿಯ ಮೇಲಷ್ಟೇ ಇತ್ತು. ಬಲಗೈ ಕಂಬಿಯ ಮೇಲಿತ್ತು, ಎಡಗೈಯಲ್ಲಿ ಟಿಕೆಟ್ ಮೆಷಿನ್ನು. ಬಲಗಾಲು ಮೇಲಿನ ಮೆಟ್ಟಿಲಲ್ಲಿ, ಎಡಗಾಲು ಕೆಳಗಿನ ಮೆಟ್ಟಿಲ ಅಂಚಿನಲ್ಲಿ. ಕೊನೆಯ ಪ್ರಯಾಣಿಕ ಹತ್ತಿದ ಮೇಲೆ ನಾನು ರೈಟ್ ಎಂದೆ. ಬಸ್ಸು ಹೊರಟಿತು.

ರಸ್ತೆಯ ಬದಿಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಪಾಪಮ್ಮ ತೆಲುಗಿನಲ್ಲಿ ಕೂಗಿದಳು: "ಅನ್ನಾ, ನೀ ಚೆಪ್ಪು ಪಡಿಪೋಯಿಂದಿ."

ನನ್ನ ಚಪ್ಪಲಿ ಬಿದ್ದಿಲ್ಲ, ಬೇರೆ ಯಾರದೋ ಇರಬೇಕು ಎಂದು ನಾನು ಕೈಯಾಡಿಸಿದೆ. ಅವಳು ಬಗ್ಗಿ ಅದನ್ನು ಎತ್ತಿ ತಲೆಯ ಮೇಲೆ ಹಿಡಿದು ತೋರಿಸುತ್ತ ಬಸ್ಸಿನ ಹಿಂದೆ ಓಡಿಬಂದಳು. ಆಗ ನಾನು ಕೆಳಗೆ ನೋಡಿದೆ. ನನ್ನ ಎಡಪಾದ ಬರಿದಾಗಿತ್ತು. ತಗಡಿನ ಮೆಟ್ಟಿಲು ಅಂಗಾಲಿಗೆ ತಾಗುತ್ತಿದ್ದರೂ ಅದು ತಣ್ಣಗಿದೆಯೋ ಬಿಸಿಯಾಗಿದೆಯೋ ನನಗೆ ತಿಳಿಯಲಿಲ್ಲ. ಡ್ರೈವರ್ ಮುನಿವೆಂಕಟಪ್ಪ ಕನ್ನಡಿಯಲ್ಲಿ ಪಾಪಮ್ಮನನ್ನು ಕಂಡು ಬಸ್ಸು ನಿಲ್ಲಿಸಿದ. ಹಿಂದೆ ತಿರುಗಿ, "ಏನ್ಲಾ ನಾರಾಯಣ, ಒಂದು ಕಾಲು ಆಂಧ್ರಕ್ಕೆ ಕಳಿಸಿಬಿಟ್ಯಾ?" ಎಂದ. ಬಸ್ಸಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಚಪ್ಪಲಿಯ ಪಟ್ಟಿ ಸಡಿಲವಾಗಿದೆ ಎಂದುಕೊಂಡು ಮುಳಬಾಗಿಲಿಗೆ ಬಂದ ಮೇಲೆ ಅದನ್ನು ಹೊಲಿಸಿದೆ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಡೆಯ ಜನ ನನ್ನ ಕಾಲು ಹೋದದ್ದು ಆ ಸೋಮವಾರ ಎಂದು ನಂಬುವುದಿಲ್ಲ. ಅದರ ಮುಂದಿನ ಭಾನುವಾರ, ಬೈರಕೂರಿನಲ್ಲಿ ನನ್ನ ಅಕ್ಕನ ಮನೆಯ ಪಡಸಾಲೆಯಲ್ಲಿ ಹೋಯಿತು ಎನ್ನುತ್ತಾರೆ. ಹೋಗಿಸಿದವಳು ಅಕ್ಕನ ಮಗಳು ಭಾಗ್ಯ ಎನ್ನುತ್ತಾರೆ.

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವನು. ಎಡಗಾಲು ಮೊದಲು ಬಂತಂತೆ. ಹಾಗೆ ಹುಟ್ಟಿದವರು ಕಾಲು ತಾಕಿಸಿದರೆ ಸೊಂಟದ ಹಿಡಿತ ಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ನನಗೆ ಬುದ್ಧಿ ಬರುವ ಮೊದಲೇ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಜನ ಇರುತ್ತಿದ್ದರು. ಬಂದವರು ಬಾಗಿಲ ಚೌಕಟ್ಟು ಹಿಡಿದು ಬೆನ್ನು ಕೊಟ್ಟು ನಿಲ್ಲಬೇಕು. ನಾನು ಎಡಗಾಲಿನಿಂದ ಮೂರು ಸಲ ಸೊಂಟಕ್ಕೆ ಒದೆಯಬೇಕು. ಒದೆ ಎಂದರೂ ಅದು ಬೆಕ್ಕು ಬಾಗಿಲು ತಳ್ಳಿದ ಹಾಗೆ. ದೊಡ್ಡವರು ಬಂದರೆ ಮೊದಲು ಅವರಿಗೆ ನಮಸ್ಕಾರ ಮಾಡಿ ಆಮೇಲೆ ಕಾಲಿಡಬೇಕು ಎಂದು ಅಮ್ಮ ಕಲಿಸಿದ್ದಳು. ಒದೆಸಿಕೊಂಡವರು ತಿರುಗಿ ನನಗೇ ಕೈ ಮುಗಿಯುತ್ತಿದ್ದರು. ನಾನು ಕಂಡಕ್ಟರಾದ ಮೇಲೆ ಬಸ್ಸಿನಲ್ಲೂ ಜನ ಬಿಡಲಿಲ್ಲ. ತಾಯಲೂರು ಗೇಟಿನಲ್ಲಿ ಇಳಿಯುವಾಗ, "ಹಂಗೇ ಒಂದು ಒದ್ದುಬಿಡಪ್ಪ" ಎಂದು ಬೆನ್ನು ತಿರುಗಿಸಿ ನಿಂತವರಿದ್ದಾರೆ.

ನಮ್ಮ ವಂಶದಲ್ಲಿ ಹಾಗೆ ಹುಟ್ಟಿದ ಇನ್ನೊಬ್ಬಳು ಭಾಗ್ಯ. ಅವಳು ಮಾಲೂರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲೇ ಗೆಳತಿಯರ ಜೊತೆ ರೂಮು. ರಜೆಯಲ್ಲಿ ಬೈರಕೂರಿಗೆ ಬರುತ್ತಾಳೆ. ಯಾರಿಗೂ ಕಾಲು ತಾಕಿಸುವುದು ಅವಳಿಗೆ ಇಷ್ಟವಿರಲಿಲ್ಲ. "ನಂಗೆ ನಾಚಿಕೆ ಮಾಮ, ನಿನಗಿದೆಯಲ್ಲ, ನೀನೇ ಒದಿ" ಎನ್ನುತ್ತಿದ್ದಳು.

ನನ್ನ ಸೊಂಟ ಅದಕ್ಕೂ ಬಹಳ ಮೊದಲೇ ಕೆಟ್ಟಿತ್ತು. ನೋವು ಸೊಂಟದಲ್ಲಿ ಹುಟ್ಟಿ, ತೊಡೆಯ ಹಿಂಬದಿಯಲ್ಲಿ ಇಳಿದು, ಮೀನಖಂಡದ ಹೊರಗಡೆ ಕಾದ ತಂತಿಯಂತೆ ನಿಲ್ಲುತ್ತಿತ್ತು. ಮಾತ್ರೆ ನುಂಗಿದೆ, ಬೆಲ್ಟು ಕಟ್ಟಿದೆ, ಸೀಟಿನ ಬೆನ್ನಿಗೆ ಒರಗಿ ಟಿಕೆಟ್ ಕೊಟ್ಟೆ. ಊರಿಗೆಲ್ಲ ಸೊಂಟ ಬಿಡಿಸುವವನು ತನ್ನ ಸೊಂಟವನ್ನು ತಾನೇ ಒದೆಯಲಾರ. ಕಡೆಗೆ ನನ್ನ ಹೆಂಡತಿ ಸರೋಜ ಮತ್ತು ಅಕ್ಕ ಸೇರಿ ಭಾಗ್ಯಳನ್ನು ಒಪ್ಪಿಸಿದರು.

ಆ ಭಾನುವಾರ ನಾನು ಅಕ್ಕನ ಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತೆ. ಇಷ್ಟು ವರ್ಷ ಬೇರೆಯವರ ಬೆನ್ನು ನೋಡಿದವನಿಗೆ ಹಾಗೆ ಗೋಡೆಗೆ ಮುಖ ಮಾಡಿ ನಿಲ್ಲುವುದು ಎಂಥದು ಎಂದು ಆಗ ತಿಳಿಯಿತು. ಹಿಂದೆ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲ. ಭಾಗ್ಯ ನನಗೆ ಕೈಮುಗಿದದ್ದು ಅವಳ ಬಳೆಯ ಸದ್ದಿನಿಂದ ಗೊತ್ತಾಯಿತು. ಆಮೇಲೆ ಅವಳ ಹೆಬ್ಬೆರಳು ನನ್ನ ಅಂಗಿಯ ಮೇಲೆ ಮೂರು ಸಲ ತಾಕಿತು. ಅದರಲ್ಲಿ ಒಂದು ನೊಣ ಏಳುವಷ್ಟೂ ಬಲವಿರಲಿಲ್ಲ. ನಾನು ಅಂಗಳದ ಕಡೆ ತಿರುಗಿದೆ. ಹೊಸ್ತಿಲು ದಾಟಲು ಎಡಗಾಲು ಎತ್ತಿದೆ. ಪಾದದ ಮುಂಭಾಗ ಮೇಲೆ ಬರಲಿಲ್ಲ. ಬೆರಳುಗಳು ಹೊಸ್ತಿಲಿಗೆ ಸಿಕ್ಕಿಕೊಂಡು ನಾನು ಮುಖ ಅಡಿಯಾಗಿ ಅಂಗಳಕ್ಕೆ ಬಿದ್ದೆ.

ಅಲ್ಲಿದ್ದವರು ಕಂಡದ್ದು ಇಷ್ಟೇ. ಹುಡುಗಿ ಕಾಲು ತಾಕಿಸಿದಳು, ಮಾವ ಬಿದ್ದ, ಆಮೇಲೆ ಅವನ ಪಾದ ಒದ್ದೆ ಬಟ್ಟೆಯ ಹಾಗೆ ಜೋಲಾಡಿತು.

ನನ್ನನ್ನು ಆಟೋದಲ್ಲಿ ಹತ್ತಿಸುವಾಗ ಸರೋಜ ಯಾರನ್ನೂ ನೋಡದೆ ಒಂದೇ ಮಾತು ಹೇಳಿದಳು: "ಬಂದಾಗ ಕುಂಟುತ್ತಿದ್ದರು, ಈಗ ಅದೂ ಇಲ್ಲ." ಅವಳು ಅಂಥವಳಲ್ಲ. ಹೆದರಿಕೆ ಆ ಮಾತಾಡಿಸಿತು. ಭಾಗ್ಯ ಬಾಗಿಲ ಒಳಗೆ ನಿಂತಿದ್ದಳು. ಅವಳ ಬಲಗಾಲು ಎಡಗಾಲಿನ ಹಿಂದೆ ಅಡಗಿತ್ತು.

ಕೋಲಾರದಲ್ಲಿ ಸ್ಕ್ಯಾನ್ ಮಾಡಿಸಿದೆವು. ಆ ಕೊಳವೆಯೊಳಗಿನ ಸದ್ದಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಅದು ಕೆಟ್ಟ ರಸ್ತೆಯಲ್ಲಿ ಖಾಲಿ ಬಸ್ಸು ಹೋದ ಹಾಗೆ ಕೇಳಿಸಿತು. ಸದ್ದಿಗಿಂತ ಕಷ್ಟವಾದದ್ದು ಅಲುಗಾಡಬೇಡಿ ಎಂಬ ಮಾತು. ಅಷ್ಟು ಹೊತ್ತೂ ನಾನು ಎಡಗಾಲಿನ ಹೆಬ್ಬೆರಳನ್ನು ಆಡಿಸಲು ನೋಡುತ್ತಿದ್ದೆ. ಅದು ಆಡುತ್ತಿರಲಿಲ್ಲವಾದ್ದರಿಂದ ಯಾರೂ ಬೈಯಲಿಲ್ಲ.

ಹೊರಗೆ ಬೆಂಚಿನಲ್ಲಿ ಹೋಳೂರಿನ ಒಬ್ಬ ಮುದುಕ ಕೂತಿದ್ದ. ನನ್ನನ್ನು ದಿಟ್ಟಿಸಿ ನೋಡಿ, "ನೀನು ಒದಿಯೋ ಕಂಡಕ್ಟರಲ್ವಾ?" ಎಂದು ಕೇಳಿದ. ಹೌದೆಂದೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಸೊಂಟ ಹಿಡಿದಾಗ ಅವನು ನನ್ನ ಹತ್ತಿರ ಬಂದಿದ್ದನಂತೆ. "ನೀನೇ ಇಲ್ಲಿ ಬಂದು ಕೂತ್ರೆ ನಾವೆಲ್ಲಪ್ಪ ಹೋಗೋದು?" ಎಂದ. ಸರೋಜ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಕ್ಕಳೋ ಅತ್ತಳೋ ನಾನು ನೋಡಲಿಲ್ಲ. ಮುದುಕ ತನ್ನ ಚೀಲದಿಂದ ಒಂದು ಸೀಬೆಹಣ್ಣು ತೆಗೆದು ಒರೆಸಿ ಅವಳ ಕೈಗೆ ಕೊಟ್ಟ.

ಕೋಲಾರದವರು ನಮ್ಮನ್ನು ಬೆಂಗಳೂರು ರಸ್ತೆಯ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ಶಸ್ತ್ರವೈದ್ಯರು ನನಗಿಂತ ಚಿಕ್ಕವರು, ಮೆಲ್ಲಗೆ ಮಾತಾಡುವವರು. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಸೊಂಟದ ಕೆಳಗಿನ ಮೂಳೆಗಳ ನಡುವೆ ಪಾದಕ್ಕೆ ಇಳಿಯುವ ನರ ಒತ್ತಿಕೊಂಡಿದೆ, ಅದನ್ನು ಬಿಡಿಸಬೇಕು, ತಡ ಮಾಡಿದಷ್ಟೂ ಪಾದ ತಿರುಗಿ ಬರುವ ಆಸೆ ಕಡಿಮೆಯಾಗುತ್ತದೆ ಎಂದರು. ಬೈರಕೂರಿನ ಭಾನುವಾರವನ್ನು ನಾನು ಒಂದೂ ಬಿಡದೆ ಹೇಳಿದೆ. ಅವರು ನಗಲಿಲ್ಲ. ಕೇಳಿಸಿಕೊಂಡು, "ಅದಕ್ಕೆ ಮುಂಚೆ ಯಾವತ್ತಾದರೂ ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತೇ ಆಗದೆ ಇದ್ದದ್ದುಂಟಾ?" ಎಂದು ಕೇಳಿದರು.

ಆಗ ನನಗೆ ನಂಗಲಿ ನೆನಪಾಯಿತು. ಪಾಪಮ್ಮನ ತಲೆಯ ಮೇಲಿದ್ದ ನನ್ನ ಚಪ್ಪಲಿ ಕಣ್ಣ ಮುಂದೆ ಬಂತು. ಅದನ್ನೂ ಹೇಳಿದೆ. ಅವರು ತಲೆಯಾಡಿಸಿ, ಪಾದ ಅವತ್ತೇ ಸೋಲಲು ಶುರುವಾಗಿದೆ, ಅಂಗಿಯ ಮೇಲೆ ಹೆಬ್ಬೆರಳು ತಾಕಿದರೆ ಹೀಗಾಗುವುದಿಲ್ಲ, ಆದರೆ ಇನ್ನು ಮುಂದೆ ಈ ಬೆನ್ನನ್ನು ಯಾರಿಗೂ ಕೊಡಬೇಡಿ ಎಂದರು.

ಅಂದು ಸಂಜೆಯೇ ಭಾಗ್ಯಳಿಗೆ ಫೋನ್ ಮಾಡಿ ಹೇಳಿದೆ. ಅವಳು ಪೂರ್ತಿ ಕೇಳಿದಳು. "ನೀನು ಒಳ್ಳೇವನು ಮಾಮ, ಅದಕ್ಕೆ ಹಿಂಗೆ ಹೇಳ್ತೀಯ" ಎಂದು ಫೋನ್ ಇಟ್ಟಳು.

ಅವಳಿಗೆ ಶ್ರೀನಿವಾಸಪುರದ ಒಂದು ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವವನು. ಎರಡೂ ಕಡೆ ಒಪ್ಪಿಗೆಯಾಗಿ ಶಾಸ್ತ್ರಕ್ಕೆ ದಿನ ನೋಡುವುದಷ್ಟೇ ಉಳಿದಿತ್ತು. ನಾನು ಬಿದ್ದ ಸುದ್ದಿ, ನಾನು ಆಸ್ಪತ್ರೆ ಸೇರುವ ಮೊದಲೇ ಶ್ರೀನಿವಾಸಪುರ ಸೇರಿತು. ಸೊಸೆ ಹೊಸ್ತಿಲು ದಾಟಿ ಒಳಗೆ ಬರುವಾಗ ಅವಳ ಕಾಲ್ಗುಣ ನೋಡುವ ಜನ ನಾವು. ಸೋದರಮಾವನಿಗೆ ಕಾಲು ತಾಕಿಸಿ ಅವನ ಕಾಲನ್ನೇ ತೆಗೆದವಳು ಎಂಬ ಮಾತು ಹೊಸ್ತಿಲ ಹೊರಗೆ ಉಳಿಯುತ್ತದೆಯೇ? ಮಾವಿನ ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ ಎಂದು ಅವರು ಹೇಳಿ ಕಳಿಸಿದರು.

ಮುನಿವೆಂಕಟಪ್ಪನಿಗೆ ಹೇಳಿ ಭಾಗ್ಯಳಿಗೆ ಫೋನ್ ಮಾಡಿಸಬಹುದಿತ್ತು. ನಾನು ಮಾಡಿಸಲಿಲ್ಲ. ಹೇಳಿಕೊಟ್ಟ ಸಾಕ್ಷಿಯನ್ನು ಅವಳು ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು.

ಶಸ್ತ್ರಚಿಕಿತ್ಸೆಗೆ ಮೊದಲು ಮನೆಯವರಿಗೆ ವಿವರಿಸಲು ಕರೆದರು. ರೋಬೋಟ್ ನೆರವಿನಿಂದ ಮಾಡುತ್ತೇವೆ ಎಂದಾಗ ಅಕ್ಕ ಕಂಗಾಲಾಗಿ ಭಾಗ್ಯಳನ್ನು ಕರೆಸಿದಳು. ನಮ್ಮ ಮನೆಯಲ್ಲಿ ರೋಬೋಟನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಕಾರ್ಖಾನೆಯಲ್ಲಿ ಅಂಥದೊಂದು ತೋಳಿನ ಪಕ್ಕದಲ್ಲೇ ಅವಳ ಕೆಲಸ. ಅವಳು ಬಂದು ಕುರ್ಚಿಯ ಕೆಳಗೆ ಕಾಲು ಮಡಚಿ ಕೂತಳು. ನನ್ನ ಮುಖ ನೋಡಲಿಲ್ಲ.

"ಸಾರ್, ನಮ್ಮಲ್ಲಿ ಅದಕ್ಕೆ ಸುತ್ತ ಬೇಲಿ ಹಾಕಿರ್ತಾರೆ" ಎಂದಳು. "ಒಳಗೆ ಮನುಷ್ಯ ಇದ್ದಾನಾ ಇಲ್ವಾ ಅದಕ್ಕೆ ಗೊತ್ತಾಗಲ್ಲ. ಇಲ್ಲಿ ಮಾಮನ್ನೇ ಬೇಲಿ ಒಳಗೆ ಮಲಗಿಸ್ತೀರಲ್ಲ. ನಿಲ್ಲಿಸೋ ಬಟನ್ ಯಾರ ಹತ್ರ ಇರುತ್ತೆ?"

ವೈದ್ಯರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಇದು ತಾನಾಗಿ ಏನೂ ಕೊಯ್ಯೋದಿಲ್ಲಮ್ಮ. ಸ್ಕ್ಯಾನ್ ನೋಡಿ ನಾವು ಮೊದಲೇ ಗುರುತು ಮಾಡಿದ ಜಾಗಕ್ಕೆ ಬಂದು, ದಾರಿ ಹಿಡಿದು ನಿಲ್ಲುತ್ತೆ. ಆ ದಾರೀಲಿ ಹೋಗೋದು ನನ್ನ ಕೈ. ಅದು ಅಲುಗಾಡಬೇಕಾದರೂ ನಾನು ಪೆಡಲ್ ಒತ್ತಿ ಹಿಡಿದಿರಬೇಕು. ಕಾಲು ತೆಗೆದರೆ ಅಲ್ಲೇ ನಿಂತುಬಿಡುತ್ತೆ."

"ಕಾಲಾ?" ಎಂದಳು ಅಕ್ಕ.

"ಹೌದಮ್ಮ, ಕಾಲಲ್ಲೇ."

"ಅಲ್ಲಿಗೆ ನನ್ನ ಬೆನ್ನಿಗೆ ಕಾಲೇ ಬೇಕಾಯ್ತು" ಎಂದೆ. ವೈದ್ಯರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ, ತಾನು ತಲೆ ಮುಂದಾಗಿಯೇ ಹುಟ್ಟಿದವನು, ನಡೆಯುತ್ತದೆಯೇ ಎಂದು ಕೇಳಿದರು. ಸರೋಜಳೂ ಅಕ್ಕನೂ ನಕ್ಕರು. ಭಾಗ್ಯ ನಗಲಿಲ್ಲ. ಕೈ ಜಾರಿದರೆ, ಕರೆಂಟು ಹೋದರೆ, ಮಾಮ ನಿದ್ದೆಯಲ್ಲಿ ಅಲುಗಾಡಿದರೆ ಎಂದು ಅವಳು ಒಂದೊಂದಾಗಿ ಕೇಳಿದಳು. ಅವರು ಒಂದೊಂದಕ್ಕೂ ಉತ್ತರ ಕೊಟ್ಟರು. ಪಾದ ಖಂಡಿತ ಬರುತ್ತದೆಯೇ ಎಂಬ ಕಡೆಯ ಪ್ರಶ್ನೆಗೆ ಮಾತ್ರ, ಮಾತು ಕೊಡಲಾರೆ ಎಂದರು. ನೋವು ಹೋಗುತ್ತದೆ, ಪಾದ ನಿಧಾನ, ಕೆಲವರಿಗೆ ಪೂರ್ತಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಹಾಗೆ ಹೇಳಿದ್ದಕ್ಕೇ ನಾನು ಅವರನ್ನು ನಂಬಿದೆ.

ಒಳಗೆ ಕರೆದುಕೊಂಡು ಹೋದಾಗ ಆ ತೋಳನ್ನು ನೋಡಿದೆ. ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ, ಮದುವೆ ಮನೆಗೆ ತಂದಿಟ್ಟ ಹೊಸ ಫ್ರಿಜ್ಜಿನ ಹಾಗೆ ಮೂಲೆಯಲ್ಲಿ ತಲೆ ಬಗ್ಗಿಸಿ ನಿಂತಿತ್ತು. ಕೆಳಗೆ ನೆಲದ ಮೇಲೆ ಪೆಡಲ್ ಕಂಡಿತು. ಒಬ್ಬ ನರ್ಸಮ್ಮ ನನ್ನ ಕೈ ಹಿಡಿದು, ಯಾವ ಊರು ಎಂದು ಕೇಳಿದಳು. ಮುಳಬಾಗಿಲು ಎಂದೆ. ದೋಸೆ ಅಲ್ಲಿಯದೇ ಚೆನ್ನಾಗಿರುತ್ತದಂತಲ್ಲ ಎಂದಳು. ಉತ್ತರ ಕೊಡುವಷ್ಟರಲ್ಲಿ ನಿದ್ದೆ ಬಂತು. ಅದರ ನಂತರ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ.

ಎಚ್ಚರವಾದಾಗ ಮೊದಲು ಹುಡುಕಿದ್ದು ನೋವನ್ನು. ಮೀನಖಂಡದ ಕಾದ ತಂತಿ ಅಲ್ಲಿರಲಿಲ್ಲ. ಗಾಯದ ಉರಿ ಬೇರೆ, ಇದು ಬೇರೆ, ಇದು ಹೋಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ವೈದ್ಯರು ಬಂದು ಎಡಗಾಲಿನ ಹೆಬ್ಬೆರಳು ಎತ್ತಿ ಎಂದರು. ಎತ್ತಿದೆ. ಎತ್ತಿದೆನೆಂದೇ ತಿಳಿದು ಸರೋಜಳ ಮುಖ ನೋಡಿದೆ. ಅವಳು ನನ್ನ ಪಾದವನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೆಬ್ಬೆರಳು ಎದ್ದಿಲ್ಲ ಎಂದು ನನಗೆ ಗೊತ್ತಾದದ್ದು ಹಾಗೆ. ಬಾಗಿಲ ಹತ್ತಿರ ನಿಂತಿದ್ದ ಭಾಗ್ಯ ಹೊರಗೆ ಹೋದಳು.

ವಾರ್ಡಿಗೆ ಬಂದ ಮೇಲೆ ಮುನಿವೆಂಕಟಪ್ಪ ನನ್ನನ್ನು ನೋಡಲು ಬಂದ. ಖಾಕಿ ಬಟ್ಟೆಯಲ್ಲೇ, ಎಳನೀರು ಹಿಡಿದುಕೊಂಡು, ಡ್ಯೂಟಿ ಮುಗಿಸಿ ನೇರ ಬಂದಿದ್ದ. ಭಾಗ್ಯ ಕಿಟಕಿಯ ಹತ್ತಿರ ಕೂತು ನನಗೆ ಮೂಸಂಬಿ ಬಿಡಿಸುತ್ತಿದ್ದಳು. ಅವನಿಗೆ ಬೈರಕೂರಿನ ಸುದ್ದಿ ಗೊತ್ತಿರಲಿಲ್ಲ, ಅವಳು ಯಾರೆಂದೂ ಗೊತ್ತಿರಲಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿ, "ಎರಡೂ ಚಪ್ಪಲಿ ಇವೆಯಾ ಇಲ್ವಾ, ಎಣಿಸಿದ್ಯಾ?" ಎಂದ. ಮತ್ತೆ ಸರೋಜಳ ಕಡೆ ತಿರುಗಿ, "ಈ ಮನುಷ್ಯ ಯುಗಾದಿ ಆದ ಸೋಮವಾರ ನಂಗಲೀಲಿ ಚಪ್ಪಲಿ ಬೀಳಿಸ್ಕೊಂಡು ನಂದಲ್ಲ ಅಂತ ವಾದ ಮಾಡ್ತಾನಲ್ಲ ಅಮ್ಮಯ್ಯ. ಕಡಲೆಕಾಯಿ ಪಾಪಮ್ಮ ಕೈಯಲ್ಲಿ ಹಿಡ್ಕೊಂಡು ಬಸ್ ಹಿಂದೆ ಓಡಿಬಂದ್ಲು. ಅವತ್ತೇ ನಂಗೆ ಇವನ ಕಾಲು ಸರಿ ಕಾಣಲಿಲ್ಲ. ಇಳಿದು ನಡೀತಿದ್ರೆ ಪಾದ ಪಟಪಟ ಅಂತ ನೆಲಕ್ಕೆ ಬಡೀತಿತ್ತು" ಎಂದ.

ಮೂಸಂಬಿ ಬಿಡಿಸುವುದು ನಿಂತಿತು.

"ಯಾವ ಸೋಮವಾರ ಅಣ್ಣ?" ಎಂದು ಭಾಗ್ಯ ಕೇಳಿದಳು.

"ಯುಗಾದಿ ಆದ್ಮೇಲೆ ಬಂತಲ್ಲ, ಅದೇ. ಯಾಕಮ್ಮ?"

ಅವಳು ಮೂಸಂಬಿಯ ತೊಳೆಗಳನ್ನು ತಟ್ಟೆಯಲ್ಲಿ ಜೋಡಿಸಿ ಅವನ ಮುಂದೆ ಇಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ಸರೋಜ ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತಿದ್ದಳು. ಭಾಗ್ಯ ಹೊರಗೆ ಬಂದಾಗ ಇಬ್ಬರೂ ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ.

ಮನೆಗೆ ಬಂದ ಮೇಲಿನ ದಿನಗಳೇ ಕಷ್ಟ. ಆಸ್ಪತ್ರೆಯಲ್ಲಿ ಏನೋ ನಡೆಯುತ್ತಿರುತ್ತದೆ, ಮನೆಯಲ್ಲಿ ಪಾದವೊಂದೇ. ಪಾದ ಇಳಿಬೀಳದ ಹಾಗೆ ಪ್ಲಾಸ್ಟಿಕ್ಕಿನ ಪಟ್ಟಿ ಕಟ್ಟಿಕೊಂಡು ಪಡಸಾಲೆಯಲ್ಲಿ ಓಡಾಡುತ್ತಿದ್ದೆ. ಕೂತರೆ ಹೆಬ್ಬೆರಳನ್ನು ನೋಡುತ್ತಿದ್ದೆ. ಮಲಗಿದರೆ ಅದು ಎದ್ದ ಹಾಗೆ ಅನ್ನಿಸಿ ಹೊದಿಕೆ ಸರಿಸಿ ನೋಡುತ್ತಿದ್ದೆ. ಇಂಥ ಕಾಯಿಲೆ ಬಂದವರು ಈ ಕಾಯುವಿಕೆಯ ಬಗ್ಗೆ ಯಾರಿಗೂ ಹೇಳಿಕೊಳ್ಳುವುದಿಲ್ಲ, ಯಾಕೆಂದರೆ ನೋಡುವವರಿಗೆ ಅಲ್ಲಿ ಏನೂ ನಡೆಯುತ್ತಿಲ್ಲ. ನಿಮಗೂ ಹೀಗಾಗಿದ್ದರೆ, ಹೊದಿಕೆ ಸರಿಸಿ ನೋಡಿದವರು ನೀವೊಬ್ಬರೇ ಅಲ್ಲ ಎಂದಷ್ಟು ಹೇಳಬಲ್ಲೆ. ಆ ನಡುವೆ ಭಾನುವಾರದವರು ಒಬ್ಬಿಬ್ಬರು ಬಂದು ಬಾಗಿಲಲ್ಲಿ ನಿಂತು, ಪಟ್ಟಿ ಕಟ್ಟಿದ ನನ್ನ ಕಾಲು ನೋಡಿ, ಸೊಂಟ ಹಿಡಿದುಕೊಂಡೇ ವಾಪಸು ಹೋದರು.

ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ದಿನ ಪಾದದ ಮೇಲ್ಭಾಗದಲ್ಲಿ ಇರುವೆ ಹರಿದಂತಾಯಿತು. ನೋಡಿದರೆ ಇರುವೆ ಇರಲಿಲ್ಲ. ಮುಂದಿನ ವಾರ ಹೆಬ್ಬೆರಳು ಅಲುಗಿತು. ಇನ್ನು ಪಾದದ ಮೇಲೆ ಸ್ವಲ್ಪ ಭಾರವಿಟ್ಟು ಎತ್ತುವ ಅಭ್ಯಾಸ ಮಾಡಿ ಎಂದು ವ್ಯಾಯಾಮ ಹೇಳಿಕೊಡುವವರು ಹೇಳಿದರು. ಸರೋಜ ಒಂದು ಮರಳಿನ ಚೀಲ ಹೊಲಿದಳು. ಅದು ಜಾರಿ ಜಾರಿ ಬೀಳುತ್ತಿತ್ತು.

ಆ ಭಾನುವಾರ ಭಾಗ್ಯ ಬಂದಿದ್ದಳು. ಅಷ್ಟು ದಿನವಾದರೂ ನಮ್ಮ ಮನೆಯಲ್ಲಿ ಅವಳು ಕಾಲು ಚಾಚಿ ಕೂತದ್ದಿಲ್ಲ, ಸೀರೆಯೋ ಚೂಡಿದಾರವೋ ಪಾದ ಮುಚ್ಚಿಕೊಂಡೇ ಕೂರುತ್ತಿದ್ದಳು. ನನ್ನ ಎದುರು ಸ್ಟೂಲು ಹಾಕಿಕೊಂಡು ಕೂರು ಎಂದೆ. ಕೂತಳು.

"ನಿನ್ನ ಪಾದ ನನ್ನ ಪಾದದ ಮೇಲಿಡು."

"ಬೇಡ ಮಾಮ."

"ಚೀಲ ಜಾರ್ತದೆ. ನಿನ್ನ ಕಾಲು ಜಾರಲ್ಲ. ಇಡೇ."

ಅವಳು ಸರೋಜಳನ್ನು ನೋಡಿದಳು. ಸರೋಜ ಅಡುಗೆಮನೆಯ ಬಾಗಿಲಲ್ಲಿ ರಾಗಿ ಹಿಟ್ಟಿನ ಕೈಯಲ್ಲಿ ನಿಂತಿದ್ದಳು. "ಇಡಮ್ಮ, ಹೊತ್ತಾಯ್ತು, ಮುದ್ದೆ ಆರಿಹೋಗುತ್ತೆ" ಎಂದಳು. ಭಾಗ್ಯ ಬಗ್ಗಿ ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ತನ್ನ ಬಲಪಾದವನ್ನು ಅದರ ಮೇಲೆ ಇಟ್ಟಳು. ಭಾರ ಬಿಡದೆ ಹಿಡಿದುಕೊಂಡಿದ್ದಳು. ಬಿಡು ಎಂದೆ. ಬಿಟ್ಟಳು. ಅವಳ ಪಾದ ಬೆಚ್ಚಗಿದೆ ಎಂದು ನನಗೆ ತಿಳಿಯಿತು. ನಾನು ಎತ್ತಿದೆ. ಎರಡು ಪಾದಗಳೂ ಸೇರಿ ನೆಲದಿಂದ ಒಂದು ಬೆರಳಿನಷ್ಟು ಮೇಲೆ ಬಂದವು, ನಡುಗಿದವು, ಇಳಿದವು.

ಈಗ ಪಟ್ಟಿ ಇಲ್ಲದೆ ನಡೆಯುತ್ತೇನೆ. ದಣಿದಾಗ ಎಡಪಾದ ನೆಲ ಬಡಿಯುತ್ತದೆ. ಬಸ್ಸು ಹತ್ತಿಸುತ್ತಿಲ್ಲ, ಬಸ್ ನಿಲ್ದಾಣದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಯಾರ ಬೆನ್ನಿಗೂ ಕಾಲಿಡುವುದಿಲ್ಲ. ಬಂದವರಿಗೆ, ಮೊದಲು ಚಪ್ಪಲಿ ಜಾರುತ್ತದೆಯೇ ನೋಡಿಕೊಳ್ಳಿ, ಜಾರಿದರೆ ಡಾಕ್ಟರ ಹತ್ತಿರ ಹೋಗಿ ಎನ್ನುತ್ತೇನೆ. ಶ್ರೀನಿವಾಸಪುರದವರಿಂದ ಇನ್ನೂ ಮಾತು ಬಂದಿಲ್ಲ. ಅವರು ಬರದಿದ್ದರೆ ಬೇಡ ಎಂದು ಭಾಗ್ಯ ಹೇಳುತ್ತಾಳೆ. ಆದರೆ ಮುಳಬಾಗಿಲು ಸಂತೆಯಲ್ಲಿ, ಬೈರಕೂರಿನ ಡೇರಿಯ ಮುಂದೆ ಆ ಮಾತು ಈಗಲೂ ಓಡಾಡುತ್ತಿದೆ, ನನ್ನ ಕಾಲು ಹೋದದ್ದು ಅವಳಿಂದ, ಬಂದದ್ದು ಯಂತ್ರದಿಂದ ಎಂದು. ಅದನ್ನು ಕೇಳಿದ ದಿನ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅದಕ್ಕೇ ಇದನ್ನು ಬರೆದೆ.

ನನ್ನ ಎಡಪಾದ ಮೊದಲು ಸೋತದ್ದು ನಂಗಲಿಯಲ್ಲಿ, ಯುಗಾದಿ ಕಳೆದ ಮೊದಲ ಸೋಮವಾರ, ಬಸ್ಸಿನ ಹಿಂಬಾಗಿಲ ಕೆಳಮೆಟ್ಟಿಲ ಮೇಲೆ. ಆಗ ಭಾಗ್ಯ ಮಾಲೂರಿನಲ್ಲಿ ಕೆಲಸದಲ್ಲಿದ್ದಳು. ಬಸ್ಸಿನಲ್ಲಿ ನಕ್ಕವರ ಹೆಸರು ನನಗೆ ತಿಳಿಯದು. ಹೆಸರು ತಿಳಿದವರು ಇಬ್ಬರು. ಒಬ್ಬ ಡ್ರೈವರ್ ಮುನಿವೆಂಕಟಪ್ಪ. ಈಗಲೂ ಅದೇ ರೂಟಿನಲ್ಲಿದ್ದಾನೆ, ಕೇಳಿದವರಿಗೆಲ್ಲ ಹೇಳುತ್ತಾನೆ, ಕೇಳದವರಿಗೂ ಹೇಳುತ್ತಾನೆ. ಇನ್ನೊಬ್ಬಳು ಕಡಲೆಕಾಯಿ ಪಾಪಮ್ಮ. ಬದುಕಿದ್ದಾಳೆ, ಅದೇ ಜಾಗದಲ್ಲಿ ಕೂರುತ್ತಾಳೆ. ನಾನು ಆ ಕಡೆ ಹೋದರೆ ಮುಖ ನೋಡುವ ಮೊದಲು ನನ್ನ ಕಾಲು ನೋಡುತ್ತಾಳೆ.